ರವಿಕೆ ಸಾಕು ಅಂದರು, ಅವರು ಮೇಲ್ವಸ್ತ್ರ ಹೊದ್ದರು

ಬಂಧುಗಳೇ, ಇದು ಉದ್ದದ ಪೋಸ್ಟು. ಬಸ್ಸಲ್ಲಿ ಕೂತಾಗಲೋ, ರಾತ್ರಿ ಮಲಗೋ ಮುಂಚೆಯೋ ಪುರುಸೊತ್ತು ಮಾಡ್ಕೊಂಡು ಓದಿ. ಅರ್ಧ ಓದಿ ಕಮೆಂಟ್ ಹಾಕಬೇಡಿ ಅಂತ ಕೈಮುಗಿದು ಕೇಳ್ಕೋತೀನಿ.

ಹೋದ ತಿಂಗಳು ಎಂಟು ದಿನದ ಅಂತರದಲ್ಲಿ ಎರಡು ಸಭೆಗೆ ಹೋಗಿದ್ದೆ. ಮೊದಲನೆಯದು ನಮ್ಮ ಕಡೆಯ ಒಂದು ಚರ್ಚಿನ ಸ್ತ್ರೀಯರ ಕೂಟ. ಅಲ್ಲಿ ಸೇರಿದ್ದ ಮೂವತ್ತು ನಲವತ್ತು ಹೆಂಗಸರಲ್ಲಿ ಹೆಚ್ಚಿನವರು ನಮ್ಮ ಜನವೇ. ಎರಡು ಮೂರು ತಲೆಮಾರಿನ ಹಿಂದೆ ಕ್ರೈಸ್ತರಾದ ಮನೆತನದವರು. ಸಭಾಪಾಲಕರ ಹೆಂಡತಿ ಸ್ವಾಗತ ಮಾಡುತ್ತಾ ತಿರುವಾಂಕೂರಿನ ಕತೆ ತೆಗೆದರು. "ಅಲ್ಲಿ ನಮ್ಮ ಹೆಣ್ಣುಮಕ್ಕಳ ಎದೆ ಮುಚ್ಚಿದವರೇ ಮಿಷನರಿಗಳು. ಅದಕ್ಕೆ ಮುಂಚೆ ಮಾನ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ" ಅಂದರು. ಹೆಂಗಸರು ತಲೆ ಆಡಿಸಿದರು.

ಎರಡನೆಯದು ಬೆಂಗಳೂರಿನ ಒಂದು ಸೆಮಿನಾರ್. ವಿಷಯ ಹೆಣ್ಣು, ದೇಹ, ಲೈಂಗಿಕತೆ. ಅಲ್ಲಿ ಒಬ್ಬ ಪ್ರೊಫೆಸರಮ್ಮ ಅದೇ ತಿರುವಾಂಕೂರಿನ ಕತೆ ತೆಗೆದರು. "ಎದೆ ಮುಚ್ಚಿಕೊಳ್ಳಬೇಕು ಅನ್ನೋದೇ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲಿಷರ ನೀತಿ. ಕೇರಳದ ಹೆಂಗಸರಿಗೆ ಇಲ್ಲದ ನಾಚಿಕೆಯನ್ನು ಮಿಷನರಿಗಳು ತಂದು ಹೊದಿಸಿದರು" ಅಂದರು. ಅಲ್ಲೂ ತಲೆ ಆಡಿಸಿದರು.

ಎರಡೂ ಕಡೆ ಕೂತಿದ್ದ ನನಗೆ ನೆನಪಾದದ್ದು ನಮ್ಮಜ್ಜಿ. ಅವಳು ಸಾಯೋವರೆಗೂ ರವಿಕೆ ತೊಟ್ಟವಳಲ್ಲ. ಸೀರೆ ಸೆರಗನ್ನೇ ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಗದ್ದೆಗೆ ಇಳಿಯೋಳು. ಮಾನ ಗೊತ್ತಿರಲಿಲ್ಲ ಅಂತ ಯಾರಾದರೂ ಅಜ್ಜಿಗೆ ಹೇಳಿದ್ದರೆ ಕುಡುಗೋಲು ಹಿಡ್ಕೊಂಡು ಅಟ್ಟಿಸಿಕೊಂಡು ಬರೋಳು. ನಮ್ಮವ್ವನ ಕಾಲಕ್ಕೆ ರವಿಕೆ ಬಂತು. ಮದುವೆಯಾದ ಹೊಸದರಲ್ಲಿ ತವರಿನ ರವಿಕೆ ತೊಟ್ಟು ಅವ್ವ ಕಳೆ ಕೀಳೋಕೆ ಹೋದಾಗ ಹೊಲದ ಯಜಮಾನ್ತಿ ಮೇಲಿಂದ ಕೆಳಗೆ ನೋಡಿ, "ಏನೇ, ನೀನೂ ನಮ್ಮಂಗೇ ಆಗ್ಬಿಟ್ಟೆ" ಅಂದಳಂತೆ. ಅವ್ವ ಇದನ್ನು ನಗ್ತಾ ನಗ್ತಾ ಹೇಳೋಳು. ಆ ಯಜಮಾನ್ತಿ ಅವ್ವನಿಗೆ ಮಾನ ಬಂತು ಅಂತಲೂ ಅನ್ನಲಿಲ್ಲ, ಹೋಯ್ತು ಅಂತಲೂ ಅನ್ನಲಿಲ್ಲ ನೋಡಿ. ನಮ್ಮಂಗೇ ಆಗ್ಬಿಟ್ಟೆ ಅಂದಳು. ಈ ಪೋಸ್ಟು ಆ ಮಾತಿನ ಬಗ್ಗೆಯೇ.

ಇತಿಹಾಸಕ್ಕೆ ಹೋಗೋ ಮುಂಚೆ ನಮ್ಮ ಮನೆಯ ಕಸವನ್ನೇ ಮೊದಲು ಗುಡಿಸ್ತೀನಿ. ಪ್ರತಿ ಮಾರ್ಚ್ 8ಕ್ಕೆ ನಾವೆಲ್ಲ ನಂಗೇಲಿ ಚಿತ್ರ ಹಾಕ್ತೀವಿ. ನಾನೂ ಹಾಕಿದ್ದೀನಿ, ನಾಲ್ಕೈದು ವರ್ಷ. "ಎದೆ ಮುಚ್ಚಿಕೊಂಡರೆ ತೆರಿಗೆ", "ಮೊಲೆಯ ಗಾತ್ರ ನೋಡಿ ತೆರಿಗೆ" ಅಂತ ಬರೆದಿದ್ದೀನಿ. ನಂಗೇಲಿ ಕತೆ ಸುಳ್ಳು ಅಂತ ನಾನು ಹೇಳೋದಿಲ್ಲ. ಚೇರ್ತಲದಲ್ಲಿ ಮುಲಚ್ಚಿಪರಂಬು ಅನ್ನೋ ಜಾಗ ಇದೆ, ಜನ ತಲೆಮಾರುಗಳಿಂದ ಆ ಈಳವ ಹೆಣ್ಣುಮಗಳ ಕತೆ ಹೇಳ್ಕೊಂಡು ಬಂದಿದ್ದಾರೆ. ಆ ಕಾಲದ ಬರಹದ ದಾಖಲೆ ಮಾತ್ರ ಸಿಕ್ಕಿಲ್ಲ. ಆದರೆ ತೆರಿಗೆ ವಿಚಾರ ತಿದ್ದಿಕೊಳ್ಳಬೇಕು. ಮುಲಕ್ಕರಂ ಅನ್ನೋದು ಕೆಳಜಾತಿ ಹೆಂಗಸಿನ ಮೇಲಿನ ತಲೆಗಂದಾಯ. ಗಂಡಸಿನ ಮೇಲೆ ಹಾಕುತ್ತಿದ್ದುದಕ್ಕೆ ತಲಕ್ಕರಂ ಅಂತ ಹೆಸರು. ಬಟ್ಟೆ ಹೊದ್ದರೂ ಕಟ್ಟಬೇಕು, ಹೊದೆಯದಿದ್ದರೂ ಕಟ್ಟಬೇಕು. ಕೆಳಜಾತೀಲಿ ಹುಟ್ಟಿ ದುಡಿಯೋ ದೇಹ ಇದೆ ಅನ್ನೋದಕ್ಕೇ ತೆರಿಗೆ. ನನ್ನ ಕೇಳಿದರೆ ಇದು ನಾವು ಫಾರ್ವರ್ಡ್ ಮಾಡೋ ಕತೆಗಿಂತ ಹೆಚ್ಚು ಕ್ರೂರ. ನಾವೇ ಅದನ್ನು "ಮಾನ"ದ ಕತೆ ಮಾಡಿಕೊಂಡು, ದುಡ್ಡಿನ ಮತ್ತು ದುಡಿಮೆಯ ಲೆಕ್ಕ ಮರೆತುಬಿಟ್ವಿ.

ಈಗ ದಾಖಲೆ ಇರೋ ಕಡೆ ಹೋಗೋಣ.

ತಿರುವಾಂಕೂರು ಸಂಸ್ಥಾನದ ದಕ್ಷಿಣದ ತುದಿ. ಅಗಸ್ತೀಶ್ವರಂ, ತೋವಾಳ, ಕಲ್ಕುಳಂ, ವಿಳವಂಕೋಡ್ ತಾಲ್ಲೂಕುಗಳು. 1956ರಲ್ಲಿ ತಮಿಳುನಾಡಿಗೆ ಸೇರಿ ಈಗ ಕನ್ಯಾಕುಮಾರಿ ಜಿಲ್ಲೆ ಆಗಿರೋ ಸೀಮೆ. ಅಲ್ಲಿ ಬಟ್ಟೆ ಅನ್ನೋದು ಜಾತಿಯ ಅಳತೆಗೋಲು. ನಾಯರ್ ಹೆಂಗಸು ನಂಬೂದಿರಿ ಎದುರು ಮೇಲ್ವಸ್ತ್ರ ಇಳಿಸಬೇಕು. ನಂಬೂದಿರಿ ದೇವರ ಎದುರು ಇಳಿಸಬೇಕು. ನಾಡಾರ್, ಈಳವ, ಪರಯ, ಪುಲಯ ಹೆಂಗಸರು ಎಲ್ಲರ ಎದುರೂ ಇಳಿಸಿಕೊಂಡೇ ಇರಬೇಕು. ಎದೆ ತೆರೆದಿರೋದು ಗೌರವ ಸೂಚಿಸೋ ರೀತಿ ಆಗಿತ್ತು ಅಂತ ಸೆಮಿನಾರಿನ ಮೇಡಂ ಹೇಳಿದ್ದು ತಪ್ಪೇನಲ್ಲ. ಮೇಲ್ಜಾತಿಯವರಿಗೂ ಅದರಲ್ಲಿ ನಾಚಿಕೆ ಇರಲಿಲ್ಲ ಅನ್ನೋದೂ ನಿಜ. ಆದರೆ ಆ ಏಣಿಯಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತವಳಿಗೆ, ತನ್ನೆದುರು ಬಟ್ಟೆ ಇಳಿಸುವವರು ಯಾರೂ ಇರಲಿಲ್ಲ. ಇದನ್ನು ಮೇಡಂ ಹೇಳಲಿಲ್ಲ.

ಅಲ್ಲಿಗೆ ಪ್ರಾಟೆಸ್ಟೆಂಟ್ ಧರ್ಮ ತಂದವನು ಒಬ್ಬ ಪರಯ ಅನ್ನೋದು ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೈಲಾಡಿ ಊರಿನ ಮಹಾರಾಸನ್. ಯಾತ್ರೆಗೆ ಅಂತ ಹೋದವನು ತಂಜಾವೂರಿನಲ್ಲಿ ಕ್ರೈಸ್ತನಾಗಿ ವೇದಮಾಣಿಕ್ಕಂ ಅಂತ ಹೆಸರು ಪಡೆದ. ನಮ್ಮೂರಿಗೂ ಬನ್ನಿ ಅಂತ ಅವನೇ ಕರೆದ ಮೇಲೆ 1806ರಲ್ಲಿ ಲಂಡನ್ ಮಿಷನ್ನಿನ ರಿಂಗಲ್‌ಟೌಬೆ ಅನ್ನೋ ಪಾದ್ರಿ ತಿರುವಾಂಕೂರಿಗೆ ಕಾಲಿಟ್ಟ. ಬಿಳಿಯರು ಬಂದು ಕತ್ತಲಲ್ಲಿದ್ದವರನ್ನು ಎಬ್ಬಿಸಿದರು ಅನ್ನೋ ಕತೆ ಚರ್ಚುಗಳಲ್ಲಿ ಹೇಳ್ತಾರಲ್ಲ, ಇಲ್ಲಿ ಆದದ್ದು ತಿರುಗುಮುರುಗು. ಎಚ್ಚರವಾಗಿದ್ದವನು ಹೋಗಿ ಬಾಗಿಲು ತಟ್ಟಿದ. ಆಮೇಲೆ ಗುಂಪು ಗುಂಪಾಗಿ ಬಂದವರು ನಾಡಾರರು. ತಾಳೆ ಮರ ಹತ್ತೋರು, ಸರ್ಕಾರಕ್ಕೂ ಜಮೀನ್ದಾರರಿಗೂ ಬಿಟ್ಟಿ ಚಾಕರಿ ಮಾಡೋರು. ನಾಡಾರರು ದಲಿತರಲ್ಲ, ಇವತ್ತೂ ಹಿಂದುಳಿದ ವರ್ಗದಲ್ಲಿದ್ದಾರೆ, ಪರಯ ಪುಲಯರನ್ನು ಅವರೂ ದೂರ ಇಟ್ಟಿದ್ದರು. ಇದನ್ನು ಮುಚ್ಚಿಟ್ಟು ಇತಿಹಾಸ ಹೇಳೋಕಾಗಲ್ಲ.

ದಿವಾನನೂ ರೆಸಿಡೆಂಟನೂ ಆಗಿದ್ದ ಕರ್ನಲ್ ಮುನ್ರೋ 1812-14ರ ಹೊತ್ತಿಗೆ, ಕ್ರೈಸ್ತರಾದ ಹೆಂಗಸರು ಎದೆ ಮುಚ್ಚಿಕೊಳ್ಳಬಹುದು ಅಂತ ಆಜ್ಞೆ ಮಾಡಿದ. ಮೇಲ್ಜಾತಿಯವರು ಗದ್ದಲ ಎಬ್ಬಿಸಿದರು. ಕೊನೆಗೆ ರಾಜಿ ಆದದ್ದು ಹೀಗೆ: ಮೇಲ್ವಸ್ತ್ರ ಕೂಡದು, ಸಿರಿಯನ್ ಕ್ರೈಸ್ತರ ಮತ್ತು ಮಾಪಿಳ್ಳೆಗಳ ಹೆಂಗಸರು ತೊಡೋ ಕುಪ್ಪಾಯ ತೊಡಬಹುದು. ಕುಪ್ಪಾಯ ಅಂದರೆ ನಮ್ಮ ಕುಪ್ಪಸದ ದಾಯಾದಿ, ಸಡಿಲವಾದ ರವಿಕೆ. 1818ರಲ್ಲಿ ನಾಗರಕೋವಿಲಿಗೆ ಬಂದ ಚಾರ್ಲ್ಸ್ ಮೀಡ್ ಪಾದ್ರಿಯ ಹೆಂಡತಿ ಇಂಥದೊಂದು ರವಿಕೆಯ ಮಾದರಿ ಹೊಲಿಸಿಕೊಟ್ಟಳು ಅಂತ ಹೇಳ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಿ. ಮಾನ ಮುಚ್ಚೋದೇ ವಿಚಾರ ಆಗಿದ್ದರೆ ಕತೆ ಇಲ್ಲಿಗೆ ಮುಗೀಬೇಕಿತ್ತು. ಕುಪ್ಪಾಯ ಎದೆ ಮುಚ್ಚುತ್ತೆ. ಮೇಲ್ವಸ್ತ್ರಕ್ಕಿಂತ ಚೆನ್ನಾಗಿಯೇ ಮುಚ್ಚುತ್ತೆ, ಗದ್ದೆ ಕೆಲಸಕ್ಕೂ ಅನುಕೂಲ. ಪಾದ್ರಿಗಳ ಹೆಂಡತಿಯರ ಸಭ್ಯತೆಗೆ ಅಷ್ಟು ಸಾಕು. ಆದರೆ ನಾಡಾರ್ ಹೆಂಗಸರು ಏನು ಮಾಡಿದರು? ಕುಪ್ಪಾಯ ತೊಟ್ಟರು, ಅದರ ಮೇಲೆ ನಾಯರ್ ಹೆಂಗಸರ ಹಾಗೇ ಹೆಗಲ ಮೇಲಿಂದ ಮೇಲ್ಮುಂಡನ್ನೂ ಹೊದ್ದರು. ಹೊದ್ದುಕೊಂಡು ಸಂತೆಗೆ ಹೋದರು.

ಗಲಾಟೆ ಆದದ್ದು ಅದಕ್ಕೆ. 1822ರಲ್ಲಿ ಕಲ್ಕುಳಂ ಕಡೆ ಹೆಂಗಸರ ಮೈಮೇಲಿನ ಬಟ್ಟೆ ಹರಿದರು. ಮರುವರ್ಷ ಪದ್ಮನಾಭಪುರದ ಕೋರ್ಟು ಕ್ರೈಸ್ತ ಹೆಂಗಸರ ಪರವಾಗಿ ತೀರ್ಪು ಕೊಟ್ಟಿತು. ಹೊಡೆತ ನಿಲ್ಲಲಿಲ್ಲ. 1827ರಿಂದ ಮತ್ತೆ ಶುರು. 1829ರ ಫೆಬ್ರವರಿಯಲ್ಲಿ ರಾಣಿ ಗೌರಿ ಪಾರ್ವತಿ ಬಾಯಿ ಹೊರಡಿಸಿದ ಆಜ್ಞೆ ಮತ್ತೆ ಅದೇ ಗೆರೆ ಎಳೆಯಿತು, ಕುಪ್ಪಾಯ ತೊಡಿ, ಮೇಲ್ವಸ್ತ್ರ ನಿಮ್ಮದಲ್ಲ. ರಾಣಿಯೂ ಹೆಣ್ಣೇ, ನೆನಪಿರಲಿ. "ಎಲ್ಲ ಹೆಣ್ಣುಮಕ್ಕಳ ನೋವೂ ಒಂದೇ" ಅನ್ನೋ ಗೆಳತಿಯರಿಗೆ ಈ ಆಜ್ಞೆಯನ್ನು ಕಳಿಸಬೇಕು ಅಂತ ನನಗೆ ಆಗಾಗ ಅನ್ನಿಸುತ್ತೆ.

ಮೂವತ್ತು ವರ್ಷ ಆದ ಮೇಲೆ, 1858-59ರಲ್ಲಿ, ದೊಡ್ಡ ದಂಗೆ. ಆಗ ವಿಕ್ಟೋರಿಯಾ ರಾಣಿಯ ಘೋಷಣೆ ಬಂದಿತ್ತು, ಇನ್ನು ಇಂಗ್ಲಿಷರು ನಮ್ಮ ಆಚಾರಕ್ಕೆ ಕೈ ಹಾಕಲ್ಲ ಅಂತ ಮೇಲ್ಜಾತಿಯವರು ಅರ್ಥ ಮಾಡಿಕೊಂಡರು. ನೆಯ್ಯಾಟಿಂಗರದಿಂದ ನಾಗರಕೋವಿಲ್‌ವರೆಗೆ ಸಂತೆಗಳಲ್ಲಿ ಹೆಂಗಸರನ್ನು ಹಿಡಿದು ಬಟ್ಟೆ ಕಿತ್ತರು, ಮನೆ ಸುಟ್ಟರು, ಪ್ರಾರ್ಥನಾ ಮಂದಿರಗಳನ್ನೂ ಶಾಲೆಗಳನ್ನೂ ಸುಟ್ಟರು. ದಿವಾನ ಮಾಧವ ರಾವ್ 1858ರ ಡಿಸೆಂಬರಿನಲ್ಲಿ ಹೊರಡಿಸಿದ್ದು, ಅಪ್ಪಣೆ ಇಲ್ಲದೆ ಹಳೆಯ ಪದ್ಧತಿ ಬದಲಿಸಬಾರದು ಅನ್ನೋ ಆಜ್ಞೆ. ಆ ಹೊತ್ತಿಗೆ ಕ್ರೈಸ್ತರಾಗದ ನಾಡಾರ್ ಹೆಂಗಸರೂ ಮೇಲ್ವಸ್ತ್ರ ಹೊದೆಯತೊಡಗಿದ್ದರು. ಮತಾಂತರ, ಪಾದ್ರಿ, ಬೈಬಲ್ ಯಾವುದೂ ಇಲ್ಲದೆ, ಪಕ್ಕದ ಮನೆಯವಳನ್ನು ನೋಡಿ. ಎದೆ ಮುಚ್ಚಿದ್ದು ಮಿಷನರಿಗಳು ಅನ್ನೋ ಸಭಾಪಾಲಕರ ಹೆಂಡತಿಯ ಲೆಕ್ಕಕ್ಕೆ ಈ ಹೆಂಗಸರು ಸಿಗೋದಿಲ್ಲ.

ಮದ್ರಾಸ್ ಸರ್ಕಾರ ಒತ್ತಡ ಹಾಕಿತು. 1859ರ ಜುಲೈ 26ಕ್ಕೆ ಮಹಾರಾಜ ಉತ್ರಂ ತಿರುನಾಳ್ ಆಜ್ಞೆ ಬಂತು. ನಾಡಾರ್ ಹೆಂಗಸರು, ಕ್ರೈಸ್ತರಾಗಲಿ ಆಗದಿರಲಿ, ಎದೆ ಮುಚ್ಚಿಕೊಳ್ಳಲು ಅಡ್ಡಿಯಿಲ್ಲ. ಕುಪ್ಪಾಯ ತೊಡಬಹುದು, ಮೀನುಗಾರ ಹೆಂಗಸರ ಹಾಗೆ ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಹೇಗೆ ಬೇಕಾದರೂ ಮುಚ್ಚಿಕೊಳ್ಳಬಹುದು. ಮೇಲ್ಜಾತಿ ಹೆಂಗಸರ ಹಾಗೆ ಮಾತ್ರ ಹೊದೆಯಬಾರದು.

ಈ ಕೊನೇ ಷರತ್ತನ್ನು ಮತ್ತೊಮ್ಮೆ ಓದಿ. ಅರ್ಧ ಶತಮಾನ ನಡೆದ ಜಗಳದ ತಿರುಳು ಅಷ್ಟೇ ಅದು. ಎದೆ ಮುಚ್ಚೋದರ ಬಗ್ಗೆ ರಾಜನಿಗೆ ತಕರಾರು ಇರಲಿಲ್ಲ. ನಮ್ಮವ್ವನ ಯಜಮಾನ್ತಿಗೂ ಇರಲಿಲ್ಲ. 1865ರಲ್ಲಿ ಉಳಿದ ಕೆಳಜಾತಿಗಳ ಹೆಂಗಸರಿಗೂ ಎದೆ ಮುಚ್ಚುವ ಅನುಮತಿ ಬಂತು. ಕಾಗದದ ಮೇಲೆ. (ಈ ಹೋರಾಟದ ಬಗ್ಗೆ 9ನೇ ತರಗತಿ ಪುಸ್ತಕದಲ್ಲಿ ಒಂದು ಭಾಗ ಇತ್ತು. 2016ರ ಕೊನೆಗೆ ಸಿಬಿಎಸ್‌ಇ ಅದನ್ನು ಪರೀಕ್ಷೆಯಿಂದ ತೆಗೆಯಿತು, 2019ರಲ್ಲಿ ಎನ್‌ಸಿಇಆರ್‌ಟಿ ಪಾಠವನ್ನೇ ತೆಗೆದುಹಾಕಿತು. ಮಕ್ಕಳಿಗೆ ಭಾರ ಆಗುತ್ತಂತೆ.)

ಈಗ ಪರಯ, ಪುಲಯ ಹೆಂಗಸರ ಕಡೆ ಬನ್ನಿ. ಇವರು ಗುಲಾಮರು. ಮಾತಿಗೆ ಗುಲಾಮರಲ್ಲ, ನಿಜವಾಗಿ ಪತ್ರ ಬರೆದು ಮಾರುತ್ತಿದ್ದ, ಅಡವಿಡುತ್ತಿದ್ದ, ಗೇಣಿಗೆ ಕೊಡುತ್ತಿದ್ದ ಗುಲಾಮರು. ಗಂಡ ಒಬ್ಬ ಒಡೆಯನಿಗೆ, ಹೆಂಡತಿ ಇನ್ನೊಬ್ಬನಿಗೆ, ಮಗು ಮೂರನೆಯವನಿಗೆ. ಲಂಡನ್ ಮಿಷನ್ನಿನವರೂ ಚರ್ಚ್ ಮಿಷನ್ನಿನವರೂ ಸೇರಿ 1847ರಲ್ಲಿ ಗುಲಾಮಗಿರಿ ತೆಗೆಯಿರಿ ಅಂತ ಮಹಾರಾಜನಿಗೆ ಮನವಿ ಕೊಟ್ಟರು. 1853ರಲ್ಲಿ ಅರ್ಧಂಬರ್ಧ ಆಜ್ಞೆ, 1855ರಲ್ಲಿ ಪೂರ್ತಿ ಆಜ್ಞೆ ಬಂತು.

ಸ್ತ್ರೀವಾದಿ ಗೆಳತಿಯರ ಜೊತೆ ನನ್ನ ತಕರಾರು ಇಲ್ಲೇ ಇರೋದು. ಕ್ರೈಸ್ತ ಮದುವೆ ಹೆಣ್ಣನ್ನು ಗಂಡನ ಕೈಗೆ ಕಟ್ಟಿಹಾಕುತ್ತೆ, ಏಕಪತ್ನಿ ವ್ರತ ಅಂತ ಹೇಳಿ ಹೆಣ್ಣಿನ ಲೈಂಗಿಕತೆಗೆ ಬೇಲಿ ಹಾಕುತ್ತೆ ಅಂತ ಅವರು ಬರೀತಾರೆ. ಬೇಲಿ ನಿಜ. ಆದರೆ ಆ ಬೇಲಿ ಬರೋಕೆ ಮುಂಚೆ ಪುಲಯ ಹೆಣ್ಣು ಬಯಲಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿದ್ದಳೇ? ಅವಳು ಒಡೆಯನ ಸೊತ್ತು. ಅವಳಿಗೆ ಗಂಡ ಅಂತ ಒಬ್ಬನಿದ್ದಾನೆ, ಆ ಮಕ್ಕಳು ಅವಳವು ಅನ್ನೋದನ್ನು ಬರೆದಿಡೋ ಪುಸ್ತಕವೇ ಇರಲಿಲ್ಲ. ಚರ್ಚಿನ ದಫ್ತರದಲ್ಲಿ ಮದುವೆ ಬರೆಸೋದು ಅಂದರೆ, ಈ ಸಂಸಾರವನ್ನು ಒಡೆದು ಮಾರಬೇಡಿ ಅಂತ ಹೇಳೋಕೆ ಒಂದು ಆಧಾರ. ಮದುವೆ ಅನ್ನೋ ಸಂಸ್ಥೆಯನ್ನು ಬೇಡ ಅನ್ನೋಕೆ ಮೊದಲು ಅದರೊಳಗೆ ಪ್ರವೇಶ ಇರಬೇಕಲ್ಲ ತಾಯಿ.

ಹಾಗಂತ ಚರ್ಚಿಗೆ ಸರ್ಟಿಫಿಕೇಟು ಕೊಡೋಕೆ ನಾನು ಕೂತಿಲ್ಲ. ನಾಗರಕೋವಿಲಿನಲ್ಲಿ ಮಾರ್ಥಾ ಮಾಲ್ಟ್ ಅನ್ನೋ ಪಾದ್ರಿಯ ಹೆಂಡತಿ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆ ನಡೆಸಿ 1820ರ ದಶಕದಲ್ಲಿ ಲೇಸ್ ಹೆಣೆಯೋದು ಕಲಿಸಿದಳು. ಲೇಸ್ ಮಾರಿದ ದುಡ್ಡಿನಿಂದ ಕೆಲವು ಗುಲಾಮ ಹುಡುಗಿಯರು ತಮ್ಮ ಬಿಡುಗಡೆಯನ್ನು ಕೊಂಡುಕೊಂಡರು ಅಂತ ಮಿಷನ್ ಬರಹಗಳು ಹೇಳ್ತವೆ. ಓದಿದಾಗ ನನ್ನ ಮೈ ಜುಮ್ಮೆಂದಿತು. ತಮ್ಮದೇ ಬೆರಳಿನ ದುಡಿಮೆ ಮಾರಿ ತಮ್ಮನ್ನೇ ಕೊಂಡುಕೊಂಡ ಹುಡುಗಿಯರು! ಆದರೆ ಅದೇ ಶಾಲೆ ಅವರನ್ನು ತಯಾರು ಮಾಡುತ್ತಿದ್ದದ್ದು ಉಪದೇಶಿಗಳಿಗೆ ಒಳ್ಳೆಯ ಹೆಂಡತಿಯರಾಗಲಿ ಅಂತ. ಓದು, ಹೊಲಿಗೆ, ಪ್ರಾರ್ಥನೆ, ವಿಧೇಯತೆ. ಪೌಲನ ಗಲಾತ್ಯದ ಪತ್ರದಲ್ಲಿ ದಾಸ, ಸ್ವತಂತ್ರ, ಗಂಡು, ಹೆಣ್ಣು ಅನ್ನೋ ಭೇದ ಕ್ರಿಸ್ತನಲ್ಲಿ ನಿಲ್ಲೋದಿಲ್ಲ ಅನ್ನೋ ಅರ್ಥದ ಮಾತಿದೆ. ಎಫೆಸದ ಪತ್ರದಲ್ಲಿ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅನ್ನೋದೂ ಇದೆ. ಮದುವೆ ದಿನ ಯಾವುದನ್ನು ಓದ್ತಾರೆ ಅಂತ ನಿಮಗೇ ಗೊತ್ತು.

ಇನ್ನು ಮೀಡ್ ಪಾದ್ರಿಯ ಕತೆ. ಇದು ಚರ್ಚಿನ ಉತ್ಸವದ ಭಾಷಣಗಳಲ್ಲಿ ಕೇಳಿಸೋದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ದಕ್ಷಿಣ ತಿರುವಾಂಕೂರಿನಲ್ಲಿ ದುಡಿದು, ಹೆಂಡತಿ ತೀರಿಕೊಂಡ ಮೇಲೆ, 1850ರ ದಶಕದ ಆರಂಭದಲ್ಲಿ ಈತ ಪರಯ ಮೂಲದ ಕ್ರೈಸ್ತ ಮನೆತನದ ಹೆಣ್ಣನ್ನು ಮದುವೆಯಾದ. ಜೊತೆಯ ಬಿಳಿಯರು ಹೌಹಾರಿದರು. ಮೀಡ್ ಮಿಷನ್ ಬಿಡಬೇಕಾಯಿತು, ಆಮೇಲೆ ಸಂಸ್ಥಾನದ ಶಾಲೆಗಳ ಕೆಲಸಕ್ಕೆ ಸೇರಿಕೊಂಡ. ಪರಯ ಹೆಣ್ಣಿಗೆ ದೀಕ್ಷಾಸ್ನಾನ ಕೊಡಬಹುದು, ಅಕ್ಷರ ಕಲಿಸಬಹುದು, ರವಿಕೆ ತೊಡಿಸಬಹುದು. ಪಾದ್ರಿಯ ಮನೆಯ ಯಜಮಾನ್ತಿ ಮಾಡೋಕೆ ಮಾತ್ರ ಆಗೋದಿಲ್ಲ. ಮೇಲ್ವಸ್ತ್ರದ ಗೆರೆ ಮಿಷನ್ ಬಂಗಲೆಯ ಒಳಗೂ ಇತ್ತು ಅಂತಾಯಿತು.

ಸಿರಿಯನ್ ಕ್ರೈಸ್ತರ ವಿಷಯ ಇನ್ನೂ ವಿಚಿತ್ರ. ಅವರ ಹೆಂಗಸರ ಕುಪ್ಪಾಯವನ್ನೇ ಅಲ್ಲವೇ ಮಾದರಿ ಅಂತ ತೋರಿಸಿದ್ದು? ಕತ್ತಿನಿಂದ ಕಾಲಿನವರೆಗೆ ಮುಚ್ಚಿಕೊಂಡ ಆ ಹೆಂಗಸರಿಗೆ 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆ ಕೊಟ್ಟದ್ದು ಗಂಡುಮಗನ ಪಾಲಿನ ನಾಲ್ಕನೇ ಒಂದು ಭಾಗ ಅಥವಾ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕಡಿಮೆಯೋ ಅದು! ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರ ಫೆಬ್ರವರಿಯಲ್ಲಿ ಗೆದ್ದಾಗ ಚರ್ಚುಗಳೇ ವಿರೋಧಿಸಿದವು. ಸ್ತ್ರೀವಾದಿಗಳು ಇವತ್ತೂ ಆ ಕೇಸನ್ನು ಹಬ್ಬದಂತೆ ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಅಪ್ಪನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲದ ಪುಲಯ ಕ್ರೈಸ್ತ ಹೆಣ್ಣುಮಗಳಿಗೆ ಸಮಪಾಲು ಅಂದರೆ ಯಾವುದರಲ್ಲಿ? ಸಿರಿಯನ್ನರ ಪಕ್ಕ ಅವಳಿಗೆ ಕೂರೋ ಜಾಗವೂ ಇರಲಿಲ್ಲ. ಪೊಯ್ಕಯಿಲ್ ಯೋಹನ್ನಾನ್ ಮಾರ್ತೋಮಾ ಚರ್ಚು ಬಿಟ್ಟು, ಬೈಬಲ್ಲನ್ನೇ ಸುಟ್ಟು, 1909ರ ಸುಮಾರಿಗೆ ಪ್ರತ್ಯಕ್ಷ ರಕ್ಷಾ ದೈವ ಸಭೆ ಕಟ್ಟಿದ್ದು ಇದಕ್ಕೇ. ಗುಲಾಮರ ಕಾಲದಲ್ಲಿ ತಾಯಿ ಮಕ್ಕಳನ್ನು ಅಗಲಿಸಿ ಮಾರಿದ ನೋವನ್ನು ಆತ ಹಾಡು ಮಾಡಿ ಹಾಡಿಸಿದ. ಬೈಬಲ್ಲಿನಲ್ಲಿ ನಮ್ಮ ವಂಶದ ಕತೆ ಇಲ್ಲ ಅನ್ನೋದು ಆತನ ತಕರಾರು.

1986 ಅಂದೆನಲ್ಲ. ಮೇರಿ ರಾಯ್ ತೀರ್ಪು ಬಂದ ಮರು ತಿಂಗಳೇ ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಏನಾಯಿತು ಅಂತ ಹಿರಿಯರಿಗೆ ನೆನಪಿರುತ್ತೆ. ವರದಾ ನದಿಯಲ್ಲಿ ಮುಳುಗಿ ಬಟ್ಟೆ ಇಲ್ಲದೆ ರೇಣುಕಾಂಬೆಯ ಗುಡಿಗೆ ಹೋಗೋ ಬೆತ್ತಲೆ ಸೇವೆ. ಹೋಗುತ್ತಿದ್ದವರಲ್ಲಿ ಬಹಳಷ್ಟು ನಮ್ಮ ಹೆಣ್ಣುಮಕ್ಕಳು. ತಡೆಯೋಕೆ ಹೋದ ದಲಿತ ಸಂಘರ್ಷ ಸಮಿತಿಯವರನ್ನು ಹೊಡೆದರು. ಹೆಣ್ಣು ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ನಿಷೇಧ ಹಾಕಿತು. ಅಲ್ಲಿ ಹೊದ್ದರೆ ಅಪರಾಧ, ಇಲ್ಲಿ ಬಿಚ್ಚಿದರೆ ಭಕ್ತಿ. ಎರಡು ಕಡೆಯೂ ನಮ್ಮ ಹೆಂಗಸಿನ ಬಟ್ಟೆಯ ವಿಚಾರ ತೀರ್ಮಾನ ಮಾಡೋದು ಬೇರೆಯವರು. ಬೆತ್ತಲೆ ಅನ್ನೋದು ದೇಹದ ಸ್ವಾತಂತ್ರ್ಯ ಅಂತ ಚೆಂದವಾಗಿ ಮಾತಾಡೋರನ್ನು ಕೇಳಿದಾಗೆಲ್ಲ ನನಗೆ ಚಂದ್ರಗುತ್ತಿ ಕಣ್ಣ ಮುಂದೆ ಬರುತ್ತೆ.

ತಿರುವಾಂಕೂರಿನಲ್ಲಿ 1865ರ ಕಾಗದ ಪುಲಯ ಹೆಂಗಸರ ಮೈಗೆ ಇಳಿಯೋಕೆ ಇನ್ನೂ ಐವತ್ತು ವರ್ಷ ಬೇಕಾಯಿತು. ಅವರು ಕತ್ತಿಗೆ ಕಲ್ಲುಮಾಲೆ ಹಾಕಲೇಬೇಕಿತ್ತು, ಜಾತಿಯ ಗುರುತಿಗೆ. 1915ರಲ್ಲಿ ಅಯ್ಯಂಕಾಳಿಯ ಸಂಗಡಿಗರು ಅದನ್ನು ಕಿತ್ತೆಸೆಯಿರಿ, ರವಿಕೆ ತೊಡಿ ಅಂತ ಕರೆ ಕೊಟ್ಟರು. ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ದಂಗೆಯೆದ್ದು ಗುಡಿಸಲುಗಳು ಸುಟ್ಟುಹೋದವು. ಆಮೇಲೆ ಕೊಲ್ಲಂನಲ್ಲಿ ಅಯ್ಯಂಕಾಳಿ ಕರೆದ ಸಭೆಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕಲ್ಲುಮಾಲೆ ಕಿತ್ತು ವೇದಿಕೆಯ ಹತ್ತಿರ ಎಸೆದರು, ರಾಶಿ ಬಿತ್ತು. ಅಯ್ಯಂಕಾಳಿ ಕ್ರೈಸ್ತನಾದವನಲ್ಲ. ಆ ಹೆಂಗಸರಿಗೆ ಸ್ತ್ರೀವಾದ ಅನ್ನೋ ಪದವೂ ಗೊತ್ತಿರಲಿಲ್ಲ. ಅದಾಗಿ ಹೆಚ್ಚು ವರ್ಷ ಆಗಿರಲಿಲ್ಲ, ನಾಡಾರ್ ಕ್ರೈಸ್ತ ಜೆ.ಸಿ. ಡೇನಿಯಲ್ ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್' ತೆಗೆದ. ಅದರಲ್ಲಿ ಪುಲಯರ ಪಿ.ಕೆ. ರೋಸಿ ನಾಯರ್ ಹೆಣ್ಣಾಗಿ ನಟಿಸಿದಳು. ತಿರುವನಂತಪುರದಲ್ಲಿ ಪರದೆಗೆ ಕಲ್ಲು ಬಿತ್ತು. ರೋಸಿ ಊರು ಬಿಟ್ಟು ತಮಿಳುನಾಡಿಗೆ ಓಡಿಹೋಗಿ ಹೆಸರು ಮರೆಸಿಕೊಂಡು ಬದುಕಿದಳು. ಪರದೆಯ ಮೇಲೂ ನಾಯರ್ ಹೆಂಗಸಿನ ಹಾಗೆ ಬಟ್ಟೆ ಉಡಬಾರದಿತ್ತು ಅವಳು.

ಇದೆಲ್ಲ ಹಳೇ ಕತೆ, ಈಗ್ಯಾಕೆ ಅಂತ ಕೇಳಬಹುದು. ಚರ್ಚಿನ ಕೂಟದಲ್ಲಿ ಕೂತಿದ್ದ ಆ ಹೆಂಗಸರನ್ನು ನೋಡಿ ಬರೀತಿದ್ದೀನಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯವರಲ್ಲ. ನಮ್ಮ ರಾಜ್ಯದಲ್ಲಿ ಅವರನ್ನು ಪ್ರವರ್ಗ-1ಕ್ಕೆ ಹಾಕಿದ್ದಾರೆ. ಊರವರು ಮಾತ್ರ ಹೊಲತಿ, ಮಾದಗಿತ್ತಿ ಅಂತಲೇ ಕರೀತಾರೆ. ಗದ್ದೆ ಬದುವಿನಲ್ಲಿ ಅವಳ ಸೆರಗಿಗೆ ಕೈ ಹಾಕಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅವಳ ಸಹಾಯಕ್ಕೆ ಬರೋದಿಲ್ಲ, ಕೈ ಹಾಕಿದವನಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಎಷ್ಟು ಸಂಘಟನೆಗಳು ಅವಳ ಕೇಸಿಗೆ ಹೋಗ್ತವೆ? "ಅವರು ಕ್ರಿಶ್ಚಿಯನ್ನು, ಚರ್ಚಿನವರು ನೋಡ್ಕೋತಾರೆ" ಅಂತ ನಾವೇ ಅಂದಿದ್ದೀವಿ. ಚರ್ಚಿನವರು ಏನಂತಾರೆ ಅಂದರೆ, ನಮ್ಮಲ್ಲಿ ಜಾತಿಯೇ ಇಲ್ಲ. ಸ್ತ್ರೀವಾದಿಗಳು ಮಹಿಳಾ ದೌರ್ಜನ್ಯ ಅಂತ ಸೇರಿಸಿಕೊಳ್ತಾರೆ, ಜಾತಿಯನ್ನು ಬಿಟ್ಟು. ಬೆಂಗಳೂರಿನಲ್ಲೇ ಕೆಲಸ ಮಾಡುವ ರೂತ್ ಮನೋರಮಾ ಅವರಂಥವರು ದಲಿತ ಹೆಂಗಸರಿಗೆ ಬೇರೆಯದೇ ಒಕ್ಕೂಟ ಬೇಕು ಅಂತ 1995ರಲ್ಲಿ ರಾಷ್ಟ್ರೀಯ ದಲಿತ ಮಹಿಳಾ ಒಕ್ಕೂಟ ಕಟ್ಟಿದ್ದು ಸುಮ್ಮನೆ ಅಲ್ಲ. ದಲಿತ ಹೆಣ್ಣು ಬೇರೆಯಾಗಿ ಮಾತಾಡ್ತಾಳೆ ಅಂತ ಗೋಪಾಲ್ ಗುರು ಬರೆದದ್ದೂ ಅದೇ ವರ್ಷ. ದಕ್ಷಿಣ ತಿರುವಾಂಕೂರಿನ ಆ ಮಿಷನ್ನಿನ ಸಭೆಗಳು 1947ರಲ್ಲಿ ಸಿಎಸ್‌ಐ ಸೇರಿದವು. ಹೆಂಗಸರಿಗೆ ಪೌರೋಹಿತ್ಯದ ದೀಕ್ಷೆ ಸಿಗೋಕೆ 1976 ಆಗಬೇಕಾಯಿತು, ಒಬ್ಬ ಹೆಣ್ಣುಮಗಳು ಬಿಷಪ್ ಆಗೋಕೆ 2013.

ಆ ಕೂಟದಲ್ಲಿ ನನ್ನ ಸರದಿ ಬಂದಾಗ ಇಷ್ಟೆಲ್ಲ ಹೇಳಲಿಲ್ಲ. ಕುಪ್ಪಾಯ ಮತ್ತು ಮೇಲ್ಮುಂಡಿನ ಕತೆ ಮಾತ್ರ ಹೇಳಿ, ಅವ್ವನ ಯಜಮಾನ್ತಿಯ ಮಾತು ಹೇಳಿ ಕೂತೆ. ಸಭಾಪಾಲಕರ ಹೆಂಡತಿ ಸುಮ್ಮನಿದ್ದರು. ಸಿಟ್ಟು ಬಂತೇನೋ ಅಂದುಕೊಂಡೆ. ಕಾಫಿ ಕೊಡುವಾಗ ಹತ್ತಿರ ಬಂದು, "ನಮ್ಮತ್ತೇನೂ ಹಂಗೇ ಸೆರಗು ಸುತ್ತಿ ಕಟ್ತಿದ್ರು ಕಣಮ್ಮ, ನಾನು ಮರ್ತೇಬಿಟ್ಟಿದ್ದೆ" ಅಂದರು.

ಹಿಂದಿನ ಬೆಂಚಿನಲ್ಲಿ ಚರ್ಚು ಗುಡಿಸೋ ಅಜ್ಜಿ ಒಬ್ಬಳು ಕೂತಿದ್ದಳು. ಎಲ್ಲ ಎದ್ದ ಮೇಲೆ ನನ್ನ ಕೈ ಹಿಡ್ಕೊಂಡು ಕೇಳಿದಳು: "ಅಲ್ಲ ಮಗಾ, ಅವ್ರು ರವ್ಕೆ ಮೇಲೆ ಹೊದ್ಕಂಡು ಸಂತೆಗೆ ಹೋದ್ರಲ್ಲ, ಒಬ್ಬೊಬ್ರೇ ಹೋದ್ರಾ, ಎಲ್ಲಾ ಸೇರ್ಕಂಡು ಹೋದ್ರಾ?"

ಜೈಭೀಮ್.